ನಲವತ್ತೊಂದನೇ ಪುಟ

ಹೊರಪೇಟೆಯ ನನ್ನ ರಿಪೇರಿ ಗೂಡಿಗೆ
ಮಧ್ಯಾಹ್ನ ಮೂರರ ಹೊತ್ತಿಗೆ ಬಂದರು ಸಿದ್ದಗಂಗಮ್ಮ,
ಸೆರಗಿನ ಗಂಟಲ್ಲಿ ಒಂದು ಪೆನ್‌ಡ್ರೈವು.
ವಾಚ್ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ
ಕೂದಲೆಳೆ ಸ್ಪ್ರಿಂಗು ಕೂರಿಸಿದವರು.
"ಇದರೊಳಗೆ ಎಂಬತ್ತೆಂಟು ಪುಟ ಇದೆಯಂತೆ.
ಚಿಮಟದ ಪಕ್ಕ ಕೂರೋವಷ್ಟು ಚಿಕ್ಕದರಲ್ಲಿ ಓದಬೇಕು.
ಫೋನು ಬೇಡಪ್ಪ,
ಕೆಲಸದ ನಡುವೆ ಕೂಗುತ್ತೆ."

ಇತ್ತು ನನ್ನ ಹತ್ತಿರ, ಗುಜರಿ ತೂಕದಲ್ಲಿ ಬಂದ
ಅಂಗೈಯಗಲದ ಲಿನಕ್ಸ್ ಡಬ್ಬಿ.
ಹುಣಸೆಬೀಜದಂಥ ಕೀಲಿಗಳು,
ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪರದೆ.
ಪುಟ ತೆರೆದು ತೋರಿಸುವ ತಂತ್ರಾಂಶ ಮಾತ್ರ ಅದರಲ್ಲಿಲ್ಲ.
ಹಾಕೋಣ ಅಂದೆ. ಹತ್ತು ನಿಮಿಷ ಅಂದೆ.
ಆ ಹತ್ತು ನಿಮಿಷದ ಮಾತು ಆಡಬಾರದಿತ್ತು.

ಕಮ್ಯಾಂಡು ಕುಟ್ಟಿದರೆ, ಫಾಂಟಿನ ಲೈಬ್ರರಿ ಎಲ್ಲಿ ಅಂತು.
ಅದನ್ನು ತಂದರೆ, ಚಿತ್ರ ಬಿಡಿಸುವ ಲೈಬ್ರರಿ ಎಲ್ಲಿ ಅಂತು.
ಅದನ್ನೂ ತಂದರೆ, ಇದು ಹೊಸದು, ನನಗೆ ಹಳೆಯದೇ ಆಗಬೇಕು.
ತಾಲ್ಲೂಕು ಕಚೇರಿಯ ಕಿಟಕಿಗೆ ಬಂದು ನಿಂತ ಹಾಗಾಯಿತು:
ಪಹಣಿಗೆ ಹೋದರೆ ವಂಶವೃಕ್ಷ ಕೇಳುವವರು,
ವಂಶವೃಕ್ಷಕ್ಕೆ ಹೋದರೆ
ಊಟಕ್ಕೆ ಹೋದವರು.

ಸಂಜೆಗೆ ಎಲ್ಲ ಕೂಡಿಬಂತು ಅನ್ನುವಾಗ
ಎರಡು ಎಂಬಿ ಜಾಗ ಸಾಲದು.
"ಏನಾದರೂ ಅಳಿಸಬೇಕು ಅಮ್ಮಾ.
ಹಾವಿನ ಆಟ ಇದೆ, ಗಡಿಯಾರ ಇದೆ."
ಅವರು ಯೋಚಿಸಲೇ ಇಲ್ಲ.
"ಆಟ ಇರಲಿ. ಗಡಿಯಾರ ತೆಗಿ.
ಹೇಗೂ ಸುಳ್ಳು ಹೇಳ್ತಿದೆ, ನೋಡು."
ಹೌದು. ಬ್ಯಾಟರಿ ಸತ್ತು ಎದ್ದಾಗಲೆಲ್ಲ ಅದಕ್ಕೆ
ಸಾವಿರದ ಒಂಬೈನೂರ ಎಪ್ಪತ್ತು, ಜನವರಿ ಒಂದು.

ಮೊದಲ ಸಲ ಪುಟವಿಡೀ ಪರದೆಗೆ ಹಿಡಿಸಿದೆ:
ಅಕ್ಷರಗಳೆಲ್ಲ ಚೆಲ್ಲಿದ ರಾಗಿ.
ಹಿಗ್ಗಿಸಿದೆ: ಒಂದು ಹಲ್ಲುಚಕ್ರದ ಮೂರು ಹಲ್ಲು.
ಯಾವ ಪುಟದ ಯಾವ ಮೂಲೆಯೋ ನನಗೇ ತಿಳಿಯದು.
"ಇಷ್ಟರಲ್ಲಿ ಪೂರ್ತಿ ಕಾಣಲ್ಲ ಅಮ್ಮಾ" ಅಂದೆ,
ತಪ್ಪು ನನ್ನದೇ ಅನ್ನುವ ಹಾಗೆ.
ನಕ್ಕರು.
"ನಮ್ಮ ಸಾಲಿನಲ್ಲಿ ಪೂರ್ತಿ ವಾಚು ಕಂಡವರು ಯಾರು?
ನನಗೆ ಸ್ಪ್ರಿಂಗು. ಮೆಹಬೂಬಿಗೆ ಮುಳ್ಳು.
ಪೂರ್ತಿ ನೋಡ್ತಿದ್ದವನು
ಗೇಟಿನಲ್ಲಿ ನಮ್ಮ ಚೀಲ ತಡಕೋನು."

ಎಡಕ್ಕೆ, ಬಲಕ್ಕೆ, ಕೆಳಕ್ಕೆ.
ಬೆರಳಿಗೆ ಬೇಗ ಹತ್ತಿತು.
ಒಂದೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ದುಡಿದವರಿಗೆ
ಕಿಂಡಿಯಿಂದ ನೋಡುವುದು ಹೊಸತೇನಲ್ಲ.
ಕಡತದ ಹೆಸರು ಕನ್ನಡದ್ದು. ಡಬ್ಬಿಗೆ ಅದು ಬಾರದೆ
ಸಾಲಾಗಿ ಖಾಲಿ ಚೌಕಗಳು,
ಭಾನುವಾರದ ಮಂಡಿಪೇಟೆಯ ಬಾಗಿಲುಗಳು.

ಆದರೆ ನಲವತ್ತೊಂದನೇ ಪುಟದಲ್ಲಿ,
ಇಂಗ್ಲಿಷ್ ಅಳತೆಗಳ ಅಂಚಿಗೆ,
ಯಾವತ್ತೋ ಪೆನ್ಸಿಲಲ್ಲಿ ಗೀಚಿದ್ದು
ಸ್ಕ್ಯಾನಿನಲ್ಲಿ ಹಾಗೇ ಉಳಿದುಬಿಟ್ಟಿತ್ತು,
ಒಂದು ಒತ್ತಕ್ಷರವೂ ಮುರಿಯದೆ:
ಇಲ್ಲಿ ಉಸ್ರು ಬಿಗಿಹಿಡಿ ಗಂಗೀ.

ಗೀಚಿದ್ದಕ್ಕೆ ಫಾಂಟು ಬೇಡ.
"ಇನ್ನೂ ದೊಡ್ಡದಾಗುತ್ತಾ?"
ಆಯಿತು. ಉಸ್ರು ಅನ್ನುವುದೊಂದೇ ಪರದೆ ತುಂಬ.
ಮತ್ತೊಮ್ಮೆ ಒತ್ತಿದರು. ಬರೀ ಉಕಾರದ ಕೊಂಬು.
ಮತ್ತೊಮ್ಮೆ. ಬೂದು ಚೌಕ, ಬೂದು ಚೌಕ,
ಅಕ್ಷರವೂ ಅಲ್ಲ ಕೈಯೂ ಅಲ್ಲ.
"ಸಾಕು, ಹಿಂದೆ ಬಾ" ಅಂದರು
ನನಗೋ, ಡಬ್ಬಿಗೋ.

ಯಾರು ಬರೆದದ್ದು ಅಂತ ನಾನು ಕೇಳಲಿಲ್ಲ.
ಮುನ್ನೂರು ಕೇಳಿದೆ. ಇನ್ನೂರೈವತ್ತು ಎಣಿಸಿ,
ಉಳಿದದ್ದಕ್ಕೆ ನನ್ನ ಕೀಲಿ ಕೊಡುವ ವಾಚು ಬಿಚ್ಚಿಸಿ
ಕಿವಿಗೆ ಹಿಡಿದುಕೊಂಡರು, ತುಂಬ ಹೊತ್ತು,
ಬಿ.ಎಚ್. ರಸ್ತೆಯ ಬಸ್ಸುಗಳೆಲ್ಲ ಹಾರ್ನು ಹೊಡೆಯುತ್ತಿರಲು.
"ಕುಂಟುತ್ತಿದೆ. ನಾಳೆ ಮನೆಗೆ ತಾ.
ಈಗ ಪುಸ್ತಕ ಇದೆಯಲ್ಲ."