ಹನ್ನೊಂದು ಜೊತೆ ಬೂಟು

ಸದಸ್ಯರೇ, ನನ್ನ ಹೆಸರು ಲೋಸಾ ಫಲೆಯೋಲೊ.
ತಿಮರು ಬಂದರಿನ ಮೀನು ಕಾರ್ಖಾನೆಯಲ್ಲಿ
ಹತ್ತೊಂಬತ್ತು ವರ್ಷ ಬೂಟು ಹಂಚಿದವಳು.
ಬಿಳಿ ರಬ್ಬರಿನವು, ಮೊಣಕಾಲ ತನಕ ಬರುವಂಥವು.
ಬೈಬಲ್ ಮುಟ್ಟಿ ನಾನು ಹೇಳಬಲ್ಲದ್ದು ಇಷ್ಟೇ:
ಯಾರ ಪಾದ ಎಷ್ಟು ಉದ್ದ.

ಡೂಗಲ್‌ನದು ಹನ್ನೆರಡು. ಎಡಗಾಲಿಗೆ ಮಾತ್ರ
ಒಳಗೊಂದು ಉಣ್ಣೆಯ ಅಟ್ಟೆ; ಹಳೇ ಮುರಿತ.
ಮೆರೆಯಾನಾಳದು ಐದು. ಬಸುರಿಯಾದಾಗ ಆರು,
ಹೆತ್ತ ಮೇಲೂ ಆರೇ, ಮತ್ತೆ ಐದಕ್ಕೆ ಇಳಿಯಲಿಲ್ಲ.
ಟೊಂಗಾದಿಂದ ಬಂದ ಸಿಯೋಸಿಯುವಾನದು ಹದಿನಾಲ್ಕು.
ಕಂಪನಿಯ ಪಟ್ಟಿಯಲ್ಲಿ ಅಂಥ ಅಳತೆಯೇ ಇಲ್ಲ,
ಬ್ಲಫ್‌ನಿಂದ ತರಿಸಿದೆ. ಮೂರು ವಾರ ಹಿಡಿಯಿತು.
ಅಷ್ಟೂ ದಿನ ಐಸು ಕರಗಿದ ನೀರಿನಲ್ಲಿ
ಆತ ಚರ್ಚಿಗೆ ಹಾಕುವ ಚಪ್ಪಲಿಯಲ್ಲಿ ನಿಂತ.

ಮಾರ್ಚ್ ಮೂರಕ್ಕೆ ಎಲ್ಲರಿಗೂ ಕಾಗದ ಬಂತು.
ಇದು ಬರೀ ಪ್ರಸ್ತಾವ, ಎಂದಿತ್ತು.
ಇನ್ನೂ ಏನೂ ತೀರ್ಮಾನವಾಗಿಲ್ಲ, ಎಂದಿತ್ತು.
ನಿಮ್ಮ ಅಭಿಪ್ರಾಯ ಅಮೂಲ್ಯ, ಹತ್ತು ದಿನದೊಳಗೆ ತಿಳಿಸಿ.
ಪುನಾರಚನೆ ಎಂಬ ಪದ ಏಳು ಸಲ ಬಂದಿತ್ತು.
ಎಣಿಸಿದೆ. ಎಣಿಸುವುದೇ ನನ್ನ ಕಸುಬು.

ಮೆರೆಯಾನಾ ನಾಲ್ಕು ಪುಟ ಬರೆದಳು,
ರಾತ್ರಿ ಪಾಳಿ ಮುಗಿಸಿ, ಮಗುವಿಗೆ ಹಾಲು ಕುಡಿಸಿ,
ಅಡುಗೆಮನೆಯ ಮೇಜಿನ ಮೇಲೆ.
ಎರಡನೇ ಸಾಲಿನ ಕೆಲಸ ಹೇಗೆ ಹಂಚಬಹುದು,
ಎಲ್ಲರೂ ತುಸು ತುಸು ಕಳೆದುಕೊಂಡರೆ
ಯಾರೂ ಪೂರಾ ಹೋಗದೆ ಹೇಗೆ ಉಳಿಯಬಹುದು.
ಪೆನ್ಸಿಲಿನಲ್ಲಿ ಚಿತ್ರವನ್ನೂ ಬಿಡಿಸಿದ್ದಳು;
ಚಿತ್ರದಲ್ಲಿ ಎಲ್ಲರಿಗೂ ಬೂಟು ಇತ್ತು.
ಉತ್ತರ ಒಂದೇ ಸಾಲು: ಧನ್ಯವಾದ, ಪರಿಗಣಿಸಿದ್ದೇವೆ.

ಈಗ ಈ ಚೀಟಿ ನೋಡಿ.
ಚಳಿಗಾಲದ ಬೂಟಿನ ಆರ್ಡರು.
ಪ್ರತಿವರ್ಷ ನಾನು ಬರೆದು ಮಹಡಿಗೆ ಕಳಿಸುತ್ತೇನೆ,
ಸಹಿಯಾಗಿ ಕೆಳಗಿಳಿಯುತ್ತದೆ.
ಅರವತ್ತೆರಡು ಜೊತೆ ಎಂದು ಬರೆದಿದ್ದೆ.
ಯಾರೋ ಹಸಿರು ಶಾಯಿಯಲ್ಲಿ ಅದನ್ನು ಹೊಡೆದು
ಐವತ್ತೊಂದು ಮಾಡಿದ್ದಾರೆ.
ಹನ್ನೆರಡರಲ್ಲಿ ಒಂದು ಕಡಿಮೆ. ಆರರಲ್ಲಿ ಒಂದು.
ಹದಿನಾಲ್ಕರ ಸಾಲೇ ಇಲ್ಲ.
ತಾರೀಕು ನೀವೇ ಓದಿ, ನನ್ನ ಕನ್ನಡಕ ಮಸುಕು.
ಫೆಬ್ರವರಿ ಒಂಬತ್ತು.

ಕಂಪನಿಯ ವಕೀಲರು ಕೇಳುತ್ತಾರೆ:
ಬೂಟಿನ ಚೀಟಿಯನ್ನು ತೀರ್ಮಾನ ಎನ್ನಲಾದೀತೇ?
ಮಿತವ್ಯಯವಿರಬಹುದು. ಕಣ್ತಪ್ಪಿರಬಹುದು.
ಇರಬಹುದು ಸ್ವಾಮಿ. ನನಗೆ ಕಾನೂನು ಗೊತ್ತಿಲ್ಲ,
ಕಾಲು ಗೊತ್ತು.
ಪೆಟ್ಟಿಗೆಗೆ ಅಳತೆ ತೆಗೆದು ಹೋದ ಬಡಗಿ
ತಿಂಗಳು ಬಿಟ್ಟು ಬಾಗಿಲು ತಟ್ಟಿ
ಆರೋಗ್ಯ ಹೇಗಿದೆ ಎಂದು ಕೇಳಿದರೆ
ಏನು ಹೇಳಬೇಕು ಮನೆಯವರು?

ಇನ್ನೊಂದು ಮಾತು. ಇದನ್ನು ಯಾರೂ ಕೇಳಲಿಲ್ಲ.
ಚೀಟಿ ಕೆಳಗಿಳಿದ ದಿನವೇ ನಾನು ನೋಡಿದ್ದೆ.
ಮೊದಲು ನೋಡಿದ್ದು ಏಳರ ಸಾಲು.
ನನ್ನದು ಏಳು.
ಅಲ್ಲಿ ಹಸಿರು ಶಾಯಿ ಇರಲಿಲ್ಲ.
ಫೈಲಿಗೆ ತೂತು ಹೊಡೆದೆ, ಚೀಟಿ ಸೇರಿಸಿದೆ,
ಚಹಾ ಕಾಯಿಸಲು ಹೋದೆ.
ಮಾರ್ಚ್ ಮೂರರವರೆಗೆ ಬಾಯಿ ಬಿಡಲಿಲ್ಲ,
ಆಮೇಲೆ ಮೇ ತಿಂಗಳವರೆಗೂ.
ಡೂಗಲ್ ಬೆಳಿಗ್ಗೆ ಬೆಳಿಗ್ಗೆ ಕಿಟಕಿಗೆ ಒರಗಿ
ಅಟ್ಟೆ ಸವೆದಿದೆ ಲೋಸಾ, ಹೊಸದು ಯಾವಾಗ, ಎನ್ನುತ್ತಿದ್ದ.
ಬರುತ್ತದೆ ಎಂದೆ.
ಇದನ್ನೂ ಬರೆದುಕೊಳ್ಳಿ.
ಇದು ಯಾವ ಕಲಮಿಗೆ ಬರುತ್ತದೋ ನೋಡಿ.

ಆದೇಶಕ್ಕೆ ಮೂರು ತಿಂಗಳು ಬೇಕಾದೀತು ಎಂದಿರಿ.
ಆಗಲಿ.
ಹಿಂದಿರುಗಿ ಬಂದ ಹತ್ತು ಜೊತೆಯನ್ನು
ಬೇರೆಯವರಿಗೆ ಕೊಟ್ಟಾಯಿತು.
ಹನ್ನೊಂದನೆಯದನ್ನು ತೊಳೆದು, ಒಣಗಿಸಿ,
ಒಳಗೆ ಹಳೇ ಪೇಪರು ತುರುಕಿ
ಮೇಲಿನ ಹಲಗೆಯಲ್ಲಿ ಇಟ್ಟಿದ್ದೇನೆ.
ಅಗೋ, ಕೊನೇ ಬೆಂಚಿನಲ್ಲಿ ಕೂತಿದ್ದಾನೆ, ನೋಡಿ,
ಕಾಲುಗಳನ್ನು ಕುರ್ಚಿಯಡಿ ಮಡಚಿಕೊಂಡು.
ಹದಿನಾಲ್ಕು.
ಊರಲ್ಲಿ ಇನ್ನಾರಿಗೂ ಆಗುವುದಿಲ್ಲ.