ಅರ್ಧ ಕಪ್ಪು ಮಳೆನೀರು

ಐತವಾರ ನಸುಕಿನ್ಯಾಗ ಹುಬ್ಬಳ್ಳಿ ಮಿನಿಬಸ್ಸು ಬಂತು.
ಹನ್ನೆರಡು ಮಂದಿ ಇಳದರು,
ಚಡ್ಡಿ, ಬಣ್ಣದ ಬೂಟು, ಬೆನ್ನಿಗೆ ನೀರಿನ ಚೀಲ.
"ಕಪ್ಪತಗುಡ್ಡ ಇದೇ ಏನ್ರೀ?"
ಇದೇ ರೀ. ಅಗೋ, ಗಾಳಿಪಂಕಾ ತಿರಗತಾವಲ್ಲ,
ಅದರ ಬುಡಕ್ಕ ಹೋಗಿ ಮುಟ್ಟಬೇಕು.

ನಾ ಚಾದಂಗಡಿ ಮುಂದ ಸೌಟು ಹಿಡದು ನಿಂತಿದ್ದೆ.
ಅಡಗಿಯವ ಅಲ್ಲ.
ಡೋಣಿ ಹುಡುಗೂರು ನನಗ 'ಹುಳದ ಸರ' ಅಂತಾರ.
ಬ್ಯಾರಲ್ಲು, ಬಾನಿ, ಹೊರಗ ಒಗದ ಒಳಕಲ್ಲು, ಹಳೇ ಟಾಯರು,
ನೀರು ಎಲ್ಲಿ ನಿಂತೈತಿ ಅಲ್ಲಿ ಬಗ್ಗಿ ನೋಡೋದು.
ತಲಿ ಕೆಳಗ ಮಾಡಿ ಬಾಲದಿಂದ ಉಸಿರಾಡೋ ಮರಿಗಳನ್ನ
ಎಣಿಸಿ ಬರಕೊಳ್ಳೋದು.
ಇದಕ್ಕ ಸರ್ಕಾರ ಪಗಾರ ಕೊಡತೈತಿ,
ಇಪ್ಪತ್ತಾರು ವರ್ಷಾತು.

"ಸರ, ಮ್ಯಾಲೆ ಗುಂಗಾಡಿ ಭಾಳ ಅದಾವೇನ್ರಿ? ಅಡವಿ ಅಲ್ಲ?"
ಕೇಳಿದಾಕಿ ಸುಮೇಧಾ ಐರಣಿ.
ನಗು ಬಂತು.
ತಂಗಿ, ಮ್ಯಾಲಿನ ಗಾಳಿಗೆ ನಿನ್ನ ಟೊಪಿಗಿನ ನಿಲ್ಲಂಗಿಲ್ಲ,
ಗುಂಗಾಡಿ ರೆಕ್ಕಿ ಹ್ಯಾಂಗ ನಿಂತೀತು?
ಅಂಜೋದಿದ್ದರ ಇಲ್ಲಿ ಅಂಜು.
ಈ ಬೆಂಚಿನ ನೆರಳಿಗೆ, ಆ ಟಾಯರಿಗೆ,
ನೀ ಬೂಟಿನ ದಾರ ಕಟ್ಟಲಿಕ್ಕೆ ಬಗ್ಗತಿಯಲ್ಲ, ಆ ಒಂದು ನಿಮಿಷಕ್ಕ.

ಇದು ರಾತ್ರಿ ಕಿವಿಯಾಗ ಕೊಳವಿ ಊದೋದಲ್ಲ.
ಹಗಲಿನಾಕಿ.
ಕಾಲಿಗೆ ಬಿಳೇ ಪಟ್ಟಿ, ಬಾಯಿಗೆ ಸದ್ದಿಲ್ಲ,
ಹಿಮ್ಮಡ ಅಂದರ ಪ್ರಾಣ.
ಉದ್ದ ಪ್ಯಾಂಟು ಹಾಕೊಂಡು ಸಾಕ್ಸಿನ್ಯಾಗ ತುರುಕು,
ಕರೇದು ಬ್ಯಾಡ, ತಿಳೀ ಬಣ್ಣದ್ದು.
ಬಿಸಿಲಿನ ಮುಲಾಮು ಮೊದಲ, ಸೊಳ್ಳಿ ಮುಲಾಮು ಆಮ್ಯಾಲೆ.
ಬೆವತರ ಮತ್ತ ಹಚ್ಚು.
ಇಳದು ಬರೂವಾಗ ಡಂಬಳ ಕೆರಿ ದಂಡಿಗೆ
ಸಂಜಿ ಬಣ್ಣ ನೋಡಕೋತ ಕೂಡಬ್ಯಾಡ,
ಅಲ್ಲಿ ಅದರ ಅಕ್ಕ ಇರತಾಳ,
ಅಂಡು ಎತ್ತಿ ಕೂಡಾಕಿ, ಚಳಿಜ್ವರದಾಕಿ.

ಮತ್ತ ಒಂದು ಮಾತು:
ನಾಕೈದು ದಿನಕ್ಕೋ ವಾರಕ್ಕೋ ಮೈ ಕಾದು
ಕಣ್ಣಿನ ಹಿಂದ ನೋವು ಬಂದರ,
"ಗುಡ್ಡ ಹತ್ತಿದ್ದಕ್ಕ ಮೈ ನೋಯತೈತಿ" ಅಂತ ಮಲಗಬ್ಯಾಡ,
ಸಿಕ್ಕ ನೋವಿನ ಗುಳಿಗಿ ನುಂಗಬ್ಯಾಡ,
ರಕ್ತ ತೋರಸು.

"ನಿಮಗ ಯಾವತ್ತಾದರೂ ಬಂದಿತ್ತೇನ್ರಿ?"
ಇಮ್ತಿಯಾಜ್ ಹೊಂಬಳ ಅನ್ನೋ ಹುಡುಗ ಕೇಳಿದ.
ಸುಳ್ಳು ಹೇಳಬಹುದಿತ್ತು.
ಹೋದ ಮೂರು ವರ್ಷದ ಹಿಂದ, ಭಾದ್ರಪದದಾಗ,
ಬೆರಳ ಸಂದು ಸಂದು ಬಾತು
ಈ ಸೌಟು ಎತ್ತಲಿಕ್ಕ ಆಗದ ನಲವತ್ತು ದಿನ ಕೂತಿದ್ದೆ.
ಅನ್ನ ಕಲಸಿ ಉಣಿಸಿದಾಕಿ ಹೆಂಡತಿ.
ಹುಳ ಎಲ್ಲಿದ್ದವು ಅಂತೀರಿ?
ನಮ್ಮನಿ ಫ್ರಿಜ್ಜಿನ ಹಿಂದಿನ ತಾಟಿನ್ಯಾಗ.
"ಊರಿಗೆಲ್ಲಾ ಸೌಟು, ಮನಿಗೆ ಬರೇ ಚಮಚಾ" ಅಂದಳು,
ಇವತ್ತಿಗೂ ಅಂತಾಳ.

ನಕ್ಕರು. ಪ್ಯಾಂಟು ಹಾಕೊಂಡರು, ಹಚ್ಚಿಕೊಂಡರು,
ಹೆಸರು ಅದಲಿಬದಲಿ ಆಗಬಾರದಂತ
ಕಾಗದದ ಕಪ್ಪಿಗೆ ಪೆನ್ನಿಲೆ ಅಕ್ಷರ ಬರದು ಚಾ ಕುಡದರು.
ಹತ್ತಿದರು. ಮಧ್ಯಾಹ್ನ ಇಳದರು.
ಮ್ಯಾಲೆ ಒಂದೂ ಕಡೀಲಿಲ್ಲಂತ, ಖುಷಿಯಾಗಿ ಹೋದರು.

ಮಂಗಳವಾರ ಮಳಿ.
ಮುಂದಿನ ಐತವಾರ ಜಾಲಿಗಿಡದ ಬುಡಕ್ಕ ಬಗ್ಗಿದೆ,
ಕಪ್ಪು, ಕಪ್ಪು, ಕಪ್ಪು,
ಹನ್ನೊಂದು ಬೋರಲ ಬಿದ್ದಿದ್ದವು,
ಒಂದು ನೆಟ್ಟಗ ನಿಂತಿತ್ತು, ಅರ್ಧ ತುಂಬಿ.
ಹೊರಗ ನೀಲಿ ಅಕ್ಷರ, 'ಸು'.
ಒಳಗ ಏಳು.
ಕುಣಿತಿದ್ದವು, ತಲಿಕೆಳಗಾಗಿ.

ಪಾಪ, ಹೇಳಿದ್ದೆಲ್ಲಾ ಕೇಳಿದ್ದಳು ಹುಡುಗಿ.
ಇದೊಂದು ನಾ ಹೇಳಿರಲಿಲ್ಲ.

ಕಾದ ಮಣ್ಣಿಗೆ ಸುರುವಿದೆ.
ಖಾತೆದಾಗ ಬ್ಯಾರಲ್ಲಿಗೆ, ಟಾಕಿಗೆ, ಟಾಯರಿಗೆ ಕಾಲಮ್ಮು ಐತಿ,
ಕಪ್ಪಿಗಿಲ್ಲ.
'ಇತರೆ' ಅನ್ನೋದರಾಗ ಬರದೆ:
ಕಪ್ಪು ಒಂದು, ಹುಳ ಏಳು.
ಹೆಸರು ಬರೀಲಿಲ್ಲ.
ತಲಿ ಎತ್ತೋದರಾಗ ಡಂಬಳ ಕಡೆಯಿಂದ
ಇನ್ನೊಂದು ಮಿನಿಬಸ್ಸು ಹಾರನ್ನು ಹೊಡೀತು.