ಸೊನ್ನೆಯ ಕಡೆಗೆ

ಸ್ಕಿಪ್ಟನ್ನಿನ ಉಪ್ಪಿನ ಗೋದಾಮಿನ ಗೋಡೆಗೆ
ಒಂದು ಫಲಕ. ಎರಡೇ ಅಂಕಿಗೆ ಜಾಗ.
ಚುಕ್ಕಿಗಿಲ್ಲ, ಚುಕ್ಕಿಯಾಚೆಯ ಸಂತಾನಕ್ಕೆ ಇಲ್ಲವೇ ಇಲ್ಲ.
"ದೂರದಿಂದ ಕಾಣಬೇಕು, ಪೂರ್ಣಾಂಕ ಮಾಡು" ಅಂದರು.
ಮಾಡಿದೆ. ಇಂಟ್ ಎಂದು ಬರೆದು
ಕಂಸದೊಳಗೆ ರಸ್ತೆಯ ಉಷ್ಣಾಂಶ ಇಟ್ಟೆ.
ಚಹಾ ಆರುವ ಮೊದಲೇ ಕೆಲಸ ಮುಗಿದಿತ್ತು.

ಎರಡು ಚಳಿಗಾಲ ಯಾರೂ ಕೇಳಲಿಲ್ಲ.
ಮೂರು ಚುಕ್ಕಿ ಒಂಬತ್ತು ಬಂದರೆ ಮೂರು,
ಏಳು ಚುಕ್ಕಿ ಎರಡು ಬಂದರೆ ಏಳು.
ಉಳಿದದ್ದೆಲ್ಲಿ ಅಂತ
ಚಿಲ್ಲರೆಗೆ ಕಾಯುವ ಗಿರಾಕಿಯ ಹಾಗೆ
ಯಾರು ತಾನೇ ನಿಲ್ಲುತ್ತಾರೆ?
ನಾನೂ ನಿಲ್ಲಲಿಲ್ಲ.

ಮೂರನೆಯ ಚಳಿಗಾಲ. ಗುರುವಾರ, ಬೆಳಗಿನ ನಾಲ್ಕು.
ಗ್ರಾಸಿಂಗ್ಟನ್ ದಾರಿಯ ತಿರುವಿನಲ್ಲಿ
ಡಾಂಬರಿನೊಳಗೆ ಹುಗಿದ ತಂತಿ ಹೇಳಿ ಕಳಿಸಿತು:
ಮೈನಸ್ ಸೊನ್ನೆ ಚುಕ್ಕಿ ಏಳು.
ಇಂಟ್ ಕತ್ತರಿಸಿತು. ಏಳು ಉದುರಿತು,
ಏಳರ ಜೊತೆ ಮೈನಸ್ಸಿನ ಅಡ್ಡಗೆರೆಯೂ ಉದುರಿತು.
ಸೊನ್ನೆಗೆ ಎಡವಿಲ್ಲ ಬಲವಿಲ್ಲವಲ್ಲ.
ಫಲಕದ ಮೇಲೆ ಗುಂಡಗೆ ಒಂದು ಸೊನ್ನೆ.
ಕೆಳಗಿನ ಸಾಲಿನಲ್ಲಿ ನನ್ನದೇ ಷರತ್ತು:
ಸೊನ್ನೆಗಿಂತ ಕಡಿಮೆಯಾದರೆ ಲಾರಿ ಹೊರಡಲಿ.
ಕಡಿಮೆ ಎಲ್ಲಿದೆ? ಸೊನ್ನೆಗೆ ಸೊನ್ನೆ ಸಮ.

ನಾರ್ಮನ್ ಥ್ವೇಟ್, ಇಪ್ಪತ್ತೇಳು ವರ್ಷ ಉಪ್ಪು ಚೆಲ್ಲಿದವನು,
ಬೂಟು ಹಾಕಿಕೊಂಡೇ ಬೆಂಚಿನ ಮೇಲೆ ಕೂತಿದ್ದನಂತೆ.
ಹೊರಗೆ ಹೋಗಿ ಬಕೆಟ್ಟಿನ ನೀರಿಗೆ ಬೆರಳಿಟ್ಟ.
ಹಾಲಿನ ಕೆನೆಯ ಹಾಗೆ ಏನೋ ತಾಗಿತು.
ಒಳಗೆ ಬಂದು ಫಲಕ ನೋಡಿದ.
ಬೆರಳನ್ನು ನಂಬಲಿಲ್ಲ. ಮತ್ತೆ ಕೂತ.

ಐದೂವರೆಗೆ ಅಂಚೆಯ ಕೆಂಪು ವ್ಯಾನು ತಿರುವಿಗೆ ಬಂತು.
ಕಲ್ಲುಗೋಡೆಯಾಚೆ ಕುರಿಗಳ ನಡುವೆ
ಯಾರ್‍ಯಾರದೋ ಗ್ಯಾಸಿನ ಬಿಲ್ಲು, ಹುಟ್ಟುಹಬ್ಬದ ಕಾರ್ಡು.
ಮೋರಾ ಕ್ಲೆಗ್ ಬಲಗೈ ಮಣಿಕಟ್ಟು ಹಿಡಿದುಕೊಂಡು
ದಾರಿ ಬದಿಯಲ್ಲಿ ಕೂತಿದ್ದಳು.
ಎರಡು ತುಂಡು ಅಂದರು ಆಸ್ಪತ್ರೆಯಲ್ಲಿ.
ಮುರಿದ ಮೂಳೆಯನ್ನು ಎಣಿಸುವಾಗ
ಚುಕ್ಕಿ ಬೇಕಾಗುವುದಿಲ್ಲ.

ಮಧ್ಯಾಹ್ನ ನಾರ್ಮನ್ ನನ್ನ ಮೇಜಿಗೆ ಬಂದ, ಟೋಪಿ ಕೈಯಲ್ಲಿ.
ಕೂಗಲಿಲ್ಲ. "ವಾರ್ಜಾ, ನನ್ನ ಮೈನಸ್ ಏನಾಯ್ತು?"
(ವಾರಿಜಾ. ಆ ಇಕಾರವನ್ನು ಅವನು ಎಂದೋ ಕತ್ತರಿಸಿದ್ದ,
ನಾನೂ ಬಿಟ್ಟುಕೊಟ್ಟಿದ್ದೆ.)
ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದೆ:
ಇಂಟ್ ಎಲ್ಲರನ್ನೂ ಸೊನ್ನೆಯ ಕಡೆಗೆ ಎಳೆಯುತ್ತೆ,
ಬಲದವರನ್ನು ಕೆಳಕ್ಕೆ, ಎಡದವರನ್ನು ಮೇಲಕ್ಕೆ.
ರೌಂಡ್ ಹತ್ತಿರದ ಮನೆ ಹುಡುಕುತ್ತೆ.
ಎರಡೂವರೆ ಅದರ ಕೈಯಲ್ಲಿ ಎರಡು, ಮೂರೂವರೆ ನಾಲ್ಕು,
ಯಾಕೆ ಅಂತ ಇವತ್ತು ಕೇಳಬೇಡ.
ಫ್ಲೋರ್‌ಗೆ ಒಂದೇ ದಿಕ್ಕು ಗೊತ್ತು. ಕೆಳಗೆ.
"ಚಳಿಗೂ ಅಷ್ಟೇ ಗೊತ್ತು" ಅಂದ ನಾರ್ಮನ್,
"ಅವನನ್ನೇ ಕೂರಿಸು."

ಕೂರಿಸಿದೆ. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ
ಏಳು ಕೂತಿತ್ತು ನನ್ನ ಪಕ್ಕ.
ನಮ್ಮ ಮಾತಿನಲ್ಲಿ ಮುರುಕಿಗೂ ಹೆಸರಿತ್ತು:
ಕಾಲು, ಅರೆ, ಮುಕ್ಕಾಲು, ವೀಸ.
ತಿಪಟೂರಿನ ಸಂತೆಯಲ್ಲಿ ಸೊಪ್ಪಿನ ಹೊನ್ನಮ್ಮ
ತಕ್ಕಡಿ ಸಮ ನಿಂತ ಮೇಲೂ
ಚೀಲಕ್ಕೊಂದು ಹಿಡಿ ಎಸೆಯುತ್ತಿದ್ದಳು, ಕೊಸರು.
ಯಾವ ಲೆಕ್ಕದಲ್ಲೂ ಇರದ ಹಿಡಿ.
ಮರೆತಳೋ, ಜಗಳ.

ಮರುವಾರ ಮೈನಸ್ ಸೊನ್ನೆ ಚುಕ್ಕಿ ಒಂದು ಬಂತು.
ಫಲಕ ಮೈನಸ್ ಒಂದು ಅಂತ ಹೇಳಿತು.
ಹತ್ತರಲ್ಲಿ ಒಂಬತ್ತು ಪಾಲು ಸುಳ್ಳು.
ಲಾರಿ ಹೊರಟಿತು. ಎಲ್ಲೂ ಹಿಮ ಕಟ್ಟಲಿಲ್ಲ.
ಬೆಳಿಗ್ಗೆ ಒಣರಸ್ತೆಯ ಮೇಲೆ ಹನ್ನೊಂದು ಟನ್ ಉಪ್ಪು
ಸುಮ್ಮನೆ ಮಿನುಗುತ್ತಿತ್ತು, ಕುರಿಯೊಂದು ನೆಕ್ಕುತ್ತಿತ್ತು.
ಖಾತೆಯ ಕೋಣೆಯಿಂದ ಫೋನು:
ಈ ಖರ್ಚನ್ನು ಯಾವ ಬಾಬ್ತಿನಲ್ಲಿ ಬರೆಯೋಣ?
ಕೊಸರು, ಅಂದೆ, ಕನ್ನಡದಲ್ಲೇ.
ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದು.
ಸ್ಪೆಲ್ಲಿಂಗ್ ಹೇಳುತ್ತೀರಾ?